ಆಲೂಗಡ್ಡೆಯ ಗಂಜಿ ಹುದುಗಲಿಲ್ಲ ಏಕೆ?

ಪ್ರಶ್ನೆ: 10 ಕೆಜಿ ಆಲೂಗಡ್ಡೆ ಬೇಯಿಸಿ, ಸಿಪ್ಪೆ ಸಮೇತ ಹಿಸುಕಿ, 10 ಲೀಟರ್ ನೀರು ಬೆರೆಸಿ, ಆರಿದ ಮೇಲೆ ಯೀಸ್ಟ್ ಹಾಕಿದೆ. ಎರಡು ದಿನ ಗುಳ್ಳೆ ಬಂತು, ಆಮೇಲೆ ನಿಂತೇಹೋಯಿತು. ಎಂಟನೇ ದಿನ ಹುಳಿ ವಾಸನೆ ಬರತೊಡಗಿದಾಗ ಸಣ್ಣ ಬಟ್ಟಿ ಪಾತ್ರೆಗೆ ಹಾಕಿ ಗ್ಯಾಸ್ ಒಲೆಯ ಮೇಲೆ ಇಳಿಸಿದೆ. ತಳ ಹತ್ತಿತು. 300 ಮಿಲಿಯಷ್ಟು ಮಬ್ಬಾದ ದ್ರವ ಬಂತು, ಅದೂ ಸೀದ ವಾಸನೆ. ತಪ್ಪಾದದ್ದೆಲ್ಲಿ? ಮುಂದಿನ ಸಲ ಸಕ್ಕರೆ ಸೇರಿಸಲೇ? ಮೆಥನಾಲ್ ಎಂಬ ವಿಷಕಾರಿ ಮದ್ಯಸಾರದ ಭಯಕ್ಕೆ ಮೊದಲ 50 ಮಿಲಿ ಚೆಲ್ಲಿದರೆ ಸಾಕೇ?

ಉತ್ತರ: ನಿಮ್ಮ ಯೀಸ್ಟ್ ಕೆಟ್ಟಿರಲಿಲ್ಲ, ಅದಕ್ಕೆ ತಿನ್ನಲು ಏನೂ ಸಿಗಲಿಲ್ಲ ಅಷ್ಟೆ. ಆಲೂಗಡ್ಡೆಯಲ್ಲಿ ಇರುವುದು ಪಿಷ್ಟ, ಯೀಸ್ಟ್ ತಿನ್ನುವುದು ಸಕ್ಕರೆ. ಎಷ್ಟು ಬೇಯಿಸಿದರೂ ಪಿಷ್ಟ ಉಬ್ಬಿ ಅಂಟಾಗುತ್ತದೆಯೇ ಹೊರತು ಸಕ್ಕರೆಯಾಗುವುದಿಲ್ಲ. ಗಡ್ಡೆಯಲ್ಲಿ ಮೊದಲೇ ಬಿಡಿ ಸಕ್ಕರೆ ಇರುತ್ತದೆ, ಸಾಮಾನ್ಯವಾಗಿ ಶೇ 1ಕ್ಕೂ ಕಡಿಮೆ. ಆ ಎರಡು ದಿನದ ಗುಳ್ಳೆ ಅದರದು. 10 ಕೆಜಿಯಲ್ಲಿ 50ರಿಂದ 100 ಗ್ರಾಂ ಸಕ್ಕರೆ ಎಂದುಕೊಂಡರೆ ಹುಟ್ಟುವ ಮದ್ಯಸಾರ 30ರಿಂದ 60 ಮಿಲಿ. ನಿಮಗೆ ಸಿಕ್ಕ 300 ಮಿಲಿಯಲ್ಲಿ ಹೆಚ್ಚುಪಾಲು ನೀರೇ. ಯೀಸ್ಟ್ ಕೈಬಿಟ್ಟ ಬೆಚ್ಚನೆಯ ಗಂಜಿಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಿಡಿದುಕೊಂಡವು, ಅದಕ್ಕೇ ಹುಳಿ.

ವಿವರಕ್ಕೆ ಇಳಿಯುವ ಮುನ್ನ ಕಾನೂನಿನ ಮಾತು. ಹುದುಗಿಸುವುದು ಬೇರೆ, ಬಟ್ಟಿ ಇಳಿಸುವುದು ಬೇರೆ. ಮನೆಯಲ್ಲಿ ವೈನ್, ಬಿಯರ್ ಮಾಡಲು ಬಿಡುವ ಅನೇಕ ದೇಶಗಳಲ್ಲೂ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ; ಸ್ವಂತಕ್ಕೆ ಮಾತ್ರ ಎಂಬ ಸಬೂಬು ನಡೆಯುವುದಿಲ್ಲ. 1996ರಿಂದ ಸ್ವಂತ ಬಳಕೆಗೆ ಇದನ್ನು ಬಿಟ್ಟುಕೊಟ್ಟಿರುವ ನ್ಯೂಜಿಲೆಂಡ್‌ನಂಥ ದೇಶಗಳು ಕೆಲವೇ. ನೀವಿರುವಲ್ಲಿ ಅನುಮತಿ ಇಲ್ಲವಾದರೆ ಕೆಳಗಿನದನ್ನು ಓದಿ ತಿಳಿದುಕೊಳ್ಳುವುದಕ್ಕಷ್ಟೇ ಇಟ್ಟುಕೊಳ್ಳಿ.

ಮೊದಲು ಗಡ್ಡೆಯ ಆಯ್ಕೆ. ಆಲೂಗಡ್ಡೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರು, ಪಿಷ್ಟ ಶೇ 13ರಿಂದ 18. ಕಾರ್ಖಾನೆಗೆಂದೇ ಬೆಳೆಯುವ ತಳಿಗಳಲ್ಲಿ ಶೇ 20 ದಾಟುವುದೂ ಉಂಟು. ಈ ವ್ಯತ್ಯಾಸ ಕಣ್ಣಿಗೆ ಕಾಣದು, ಆದರೆ ಉಪ್ಪುನೀರು ತೋರಿಸಿಕೊಡುತ್ತದೆ. 1 ಲೀಟರ್ ನೀರಿಗೆ 125 ಗ್ರಾಂ ಉಪ್ಪು ಕರಗಿಸಿದರೆ ಅದರ ಸಾಂದ್ರತೆ ಹೆಚ್ಚುಕಡಿಮೆ 1.08 ಆಗುತ್ತದೆ. ಇದರಲ್ಲಿ ಮುಳುಗುವ ಗಡ್ಡೆಯಲ್ಲಿ ಪಿಷ್ಟ ಶೇ 14ರ ಆಸುಪಾಸು ಅಥವಾ ಅದಕ್ಕೂ ಮೇಲೆ. ತೇಲುವಂಥದ್ದು ಪಲ್ಯಕ್ಕಿರಲಿ. ಬೇಯಿಸಿದಾಗ ಪುಡಿಪುಡಿಯಾಗಿ ಒಡೆಯುವ ಗಡ್ಡೆ ಒಳ್ಳೆಯದು, ಮೇಣದಂತೆ ಗಟ್ಟಿಯಾಗಿ ನಿಲ್ಲುವುದು ಬೇಡ. ಹಸಿರು ಬಂದದ್ದನ್ನೂ ಮೊಳಕೆಯ ಕಣ್ಣುಗಳನ್ನೂ ಕೆತ್ತಿ ತೆಗೆಯಿರಿ. ಅವುಗಳಲ್ಲಿರುವ ಸೊಲನೈನ್ ಎಂಬ ಕಹಿ ವಿಷ ಆವಿಯಾಗಿ ಮೇಲೇರುವಂಥದಲ್ಲ, ಆದರೂ ಆ ಕಹಿ ಗಂಜಿಗೆ ಬೇಕಾಗಿಲ್ಲ. ಕೊಳೆತ ಒಂದೇ ಗಡ್ಡೆಯ ನಾತ ಮಾತ್ರ ಖಂಡಿತ ಆವಿಯ ಜೊತೆಗೇ ಬರುತ್ತದೆ.

ಎಷ್ಟು ಬಂದೀತು ಎಂಬ ಲೆಕ್ಕವನ್ನೂ ಈಗಲೇ ಹೇಳಿಬಿಡುವುದು ವಾಸಿ, ನಿರಾಸೆ ಬೇಗ ಮುಗಿಯಲಿ. 1 ಕೆಜಿ ಪಿಷ್ಟ ಪೂರ್ತಿ ಸಕ್ಕರೆಯಾಗಿ, ಅದೆಲ್ಲ ಹುದುಗಿದರೆ ಕಾಗದದ ಮೇಲೆ ಸಿಗುವುದು 0.72 ಲೀಟರ್ ಶುದ್ಧ ಮದ್ಯಸಾರ. ಶೇ 16 ಪಿಷ್ಟದ 10 ಕೆಜಿ ಗಡ್ಡೆಯಿಂದ 1.15 ಲೀಟರ್. ಅಡುಗೆಮನೆಯ ಮಟ್ಟದಲ್ಲಿ ಅದರ ಶೇ 80 ಕೈಗೆ ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಅದರಲ್ಲೂ, ಇಳಿಸುವಾಗ ಬರುವ ಮೊದಲ ಮತ್ತು ಕೊನೆಯ ಭಾಗ ಬಿಟ್ಟು, ಕುಡಿಯಲು ಯೋಗ್ಯವಾದ ನಡುಭಾಗ ಇನ್ನೂ ಕಡಿಮೆ. ಶೇ 40ರ ಬಾಟಲಿ ಲೆಕ್ಕದಲ್ಲಿ 10 ಕೆಜಿಗೆ ಒಂದೂಕಾಲು ಲೀಟರ್ ಸಿಕ್ಕರೆ ಹೆಚ್ಚು. ಧಾನ್ಯಕ್ಕೆ ಹೋಲಿಸಿದರೆ ಇದು ಬಡ ಕಚ್ಚಾವಸ್ತುವೇ. ಆದರೂ 1746ರಲ್ಲಿ ಸ್ವೀಡನ್ನಿನ ಎವಾ ಏಕೆಬ್ಲಾಡ್ ಆಲೂಗಡ್ಡೆಯಿಂದ ಹಿಟ್ಟು, ಮದ್ಯ ಎರಡನ್ನೂ ತೆಗೆಯುವ ಬಗೆ ತೋರಿಸಿದಾಗ ಅದು ಎಷ್ಟು ದೊಡ್ಡ ಸಂಗತಿಯಾಯಿತೆಂದರೆ, 1748ರಲ್ಲಿ ಅಲ್ಲಿನ ರಾಯಲ್ ವಿಜ್ಞಾನ ಅಕಾಡೆಮಿ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. ಮದ್ಯಕ್ಕೆ ಹೋಗುತ್ತಿದ್ದ ಧಾನ್ಯ ಊಟಕ್ಕೆ ಉಳಿಯಿತು ಎಂಬುದೇ ಅದರ ಮಹತ್ವ.

ಈಗ ನಿಮ್ಮ ಗಂಜಿಯಲ್ಲಿ ಇಲ್ಲದೇ ಹೋದದ್ದರ ಬಗ್ಗೆ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು ಅಮೈಲೇಸ್ ಕಿಣ್ವಗಳು. ಅವು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಅಂದರೆ ಮಾಲ್ಟ್‌ನಲ್ಲಿ, ಧಾರಾಳವಾಗಿವೆ. 10 ಕೆಜಿ ಗಡ್ಡೆಗೆ 800 ಗ್ರಾಂ ತಿಳಿಬಣ್ಣದ ಮಾಲ್ಟ್ ಬೇಕು, ತರಿತರಿಯಾಗಿ ಒಡೆದದ್ದು. ಹಿಟ್ಟು ಮಾಡಬೇಡಿ, ಅದರ ಹೊಟ್ಟು ಮುಂದೆ ಸೋಸಲು ನೆರವಾಗುತ್ತದೆ. ಹುರಿದ, ಕಂದುಬಣ್ಣದ, ಕ್ಯಾರಮೆಲ್ ಮಾಲ್ಟ್‌ಗಳಲ್ಲಿ ಕಿಣ್ವ ಹುರಿಯುವಾಗಲೇ ಸತ್ತಿರುತ್ತದೆ. ಬಣ್ಣ ನೋಡಿ ಆಸೆಪಟ್ಟು ಅದನ್ನು ಕೊಂಡು ಮೋಸಹೋದವರು ಬಹಳ.

ಗಡ್ಡೆಯನ್ನು ತೊಳೆದು, ಸಿಪ್ಪೆ ತೆಗೆದು, ಎರಡು ಸೆಂಟಿಮೀಟರ್ ತುಂಡು ಮಾಡಿ. ನೀರು ನೀವು ಹಾಕಿದಂತೆ 10 ಲೀಟರ್ ಬೇಡ, 4 ಲೀಟರ್ ಸಾಕು. ಗಡ್ಡೆಯೊಳಗೇ ಸುಮಾರು ಎಂಟು ಲೀಟರ್ ನೀರಿದೆ. ನೀರು ಹೆಚ್ಚಾದಷ್ಟೂ ಕೊನೆಗೆ ಅದನ್ನೆಲ್ಲ ಕಾಯಿಸುವ ಕೆಲಸ ಹೆಚ್ಚು. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ 30–40 ನಿಮಿಷ ಬೇಯಿಸಿ, ಬೆಂದ ನೀರಿನಲ್ಲೇ ಗಂಟಿಲ್ಲದಂತೆ ಮಸೆಯಿರಿ. ನೀರು ಬಸಿದುಬಿಟ್ಟರೆ ಪಿಷ್ಟವೂ ಅದರೊಂದಿಗೆ ಹೋಯಿತು. ಆಲೂಗಡ್ಡೆಯ ಪಿಷ್ಟ 60–68 ಡಿಗ್ರಿ ಸೆಲ್ಸಿಯಸ್‌ನಲ್ಲೇ ಉಬ್ಬುತ್ತದೆ ನಿಜ, ಆದರೆ ಗೋಡೆ ಒಡೆಯದ ಗಟ್ಟಿ ತುಂಡಿನ ಒಳಗಿನ ಪಿಷ್ಟವನ್ನು ಕಿಣ್ವ ಮುಟ್ಟಲಾರದು. ಬೇಯಿಸುವುದು ಅದಕ್ಕಾಗಿ.

ಹೀಗೆ ಮಸೆದದ್ದು ಅಂಟಿನಂತೆ ಇರುತ್ತದೆ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಇಲ್ಲಿ ನೀರು ಸುರಿಯುವ ಬಯಕೆಯಾಗುತ್ತದೆ, ಸುರಿಯಬೇಡಿ. ಥರ್ಮಾಮೀಟರ್ 70 ಡಿಗ್ರಿ ತೋರಿಸಿದಾಗ ಮಾಲ್ಟ್‌ನಿಂದ 100 ಗ್ರಾಂ ಮಾತ್ರ ಹಾಕಿ ಗಂಟುಕಟ್ಟದಂತೆ ಕಲಕಿ. ಹತ್ತೇ ನಿಮಿಷದಲ್ಲಿ ಆ ಅಂಟು ತೆಳು ಅಂಬಲಿಯಾಗುವುದು ಕಣ್ಣೆದುರೇ ಕಾಣುತ್ತದೆ. ಇದು ಆಲ್ಫಾ ಅಮೈಲೇಸ್‌ನ ಕೆಲಸ; ಉದ್ದನೆಯ ಪಿಷ್ಟದ ಸರಪಳಿಯನ್ನು ಅದು ನಡುನಡುವೆ ತುಂಡರಿಸುತ್ತದೆ. ಶಾಖ 65ಕ್ಕೆ ಇಳಿದಾಗ ಉಳಿದ 700 ಗ್ರಾಂ ಸೇರಿಸಿ, 63–65 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಹಿಡಿದಿಡಿ. ಪಾತ್ರೆಗೆ ದಪ್ಪ ಕಂಬಳಿ ಸುತ್ತಿದರೆ ಸಾಕು, ಅರ್ಧ ಗಂಟೆಗೊಮ್ಮೆ ಕಲಕಿ ಶಾಖ ನೋಡಿ. ಬೀಟಾ ಅಮೈಲೇಸ್ ತುದಿಯಿಂದ ಮಾಲ್ಟೋಸ್ ಎಂಬ ಸಕ್ಕರೆ ಕಿತ್ತುಕೊಡುವುದು ಈ ಮಟ್ಟದಲ್ಲೇ. 75 ದಾಟಿದರೆ ಅದು ನಿಮಿಷಗಳಲ್ಲಿ ಸಾಯುತ್ತದೆ. ಕುದಿಯುವ ಗಂಜಿಗೆ ಮಾಲ್ಟ್ ಸುರಿದು ‘ಮಾಲ್ಟ್ ಸರಿಯಿಲ್ಲ’ ಎನ್ನುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. ಹುಳಿಯ ಮಟ್ಟ ಅಳೆಯುವ ಪಿಎಚ್ ಪಟ್ಟಿ ಇದ್ದರೆ 5.2ರಿಂದ 5.6ರ ನಡುವೆ ಇರಲಿ. ಹೆಚ್ಚಿದ್ದರೆ ಒಂದಿಷ್ಟು ಸಿಟ್ರಿಕ್ ಆಮ್ಲ ಸಾಕು.

ಮುಗಿಯಿತೋ ಇಲ್ಲವೋ ಎಂಬುದನ್ನು ನಾಲಿಗೆಗೆ ಬಿಡಬೇಡಿ. ಗಂಜಿ ಸಿಹಿಯಾಗಿದೆ ಎಂದಮಾತ್ರಕ್ಕೆ ಪಿಷ್ಟ ತೀರಿದೆ ಎಂದಲ್ಲ. ತಿಳಿಯನ್ನು ಒಂದು ಚಮಚ ಬಿಳಿ ತಟ್ಟೆಗೆ ಹಾಕಿ, ಪೂರ್ತಿ ಆರಿದ ಮೇಲೆ ಒಂದು ಹನಿ ಅಯೋಡಿನ್ ಟಿಂಚರ್ ಬಿಡಿ. ಕಡುನೀಲಿ ಅಥವಾ ಕಪ್ಪು ಬಂದರೆ ಪಿಷ್ಟ ಇನ್ನೂ ಇದೆ. ಕೆಂಪುಕಂದು ಬಂದರೆ ಅರ್ಧದಾರಿ. ಅಯೋಡಿನ್‌ನ ಹಳದಿ ಹಾಗೇ ಉಳಿದರೆ ಮುಗಿಯಿತು. ಬಿಸಿಯಿದ್ದಾಗ ನೀಲಿ ಮೂಡುವುದಿಲ್ಲ, ಅದಕ್ಕೇ ಆರಿಸಬೇಕು. ಹೊಟ್ಟು, ಗಡ್ಡೆಯ ತುಣುಕು ಬಿದ್ದರೆ ಅವು ಯಾವಾಗಲೂ ಕಪ್ಪಾಗುತ್ತವೆ, ಆದ್ದರಿಂದ ತಿಳಿಯನ್ನಷ್ಟೇ ನೋಡಿ. ಪರೀಕ್ಷೆಗೆ ತೆಗೆದದ್ದನ್ನು ಮರಳಿ ಪಾತ್ರೆಗೆ ಹಾಕಬೇಡಿ.

ಮಾಲ್ಟ್ ಸಿಗದಿದ್ದರೆ ಪುಡಿ ಅಥವಾ ದ್ರವರೂಪದ ಕಿಣ್ವ ಆಗುತ್ತದೆ. ಶಾಖ ತಡೆಯುವ ಆಲ್ಫಾ ಅಮೈಲೇಸ್ ಅನ್ನು 80–85 ಡಿಗ್ರಿಯಲ್ಲೇ ಹಾಕಬಹುದು. ಆಮೇಲೆ 60ಕ್ಕೆ ಇಳಿಸಿ, ಪಿಎಚ್ 4.5ರ ಹತ್ತಿರ ತಂದು, ತುಂಡಾದ ಪಿಷ್ಟವನ್ನು ಸಕ್ಕರೆಯಾಗಿಸುವ ಗ್ಲೂಕೋಅಮೈಲೇಸ್ ಕಿಣ್ವ ಹಾಕಿ. ಪ್ರಮಾಣ ಪೊಟ್ಟಣದ ಮೇಲೆ ಬರೆದಂತೆ, ಏಕೆಂದರೆ ಒಂದೊಂದರ ಶಕ್ತಿ ಒಂದೊಂದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹಾಕುವವರಿದ್ದಾರೆ. ಗಂಜಿ ಚೆನ್ನಾಗಿ ತೆಳುವಾಗುತ್ತದೆ, ಆದರೆ ಬಹುಪಾಲು ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್ ಆಗಿಯೇ ಉಳಿಯುತ್ತದೆ.

ಸಕ್ಕರೆಯಾದ ಗಂಜಿಯನ್ನು ಮತ್ತೆ ಕುದಿಸಬೇಡಿ. ಉಳಿದ ಕಿಣ್ವ ಹುದುಗುವಾಗಲೂ ಮೆಲ್ಲಗೆ ಕೆಲಸ ಮಾಡುತ್ತಿರುತ್ತದೆ. ಆದರೆ ಆರಿಸುವುದು ಮಾತ್ರ ಬೇಗ ಆಗಬೇಕು: 50ರಿಂದ 30 ಡಿಗ್ರಿಯವರೆಗಿನ ದಾರಿ ಹುಳಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಕಲಕುತ್ತಾ ಒಂದು ಗಂಟೆಯೊಳಗೆ 28ಕ್ಕೆ ಇಳಿಸಿ. ಒಟ್ಟು 13 ಲೀಟರ್‌ನಷ್ಟು ದ್ರವ ಇರುತ್ತದೆ. ಸೋಸಿದ ಒಂದಿಷ್ಟರಲ್ಲಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟರೆ 1.055–1.065 ತೋರಿಸಬೇಕು. 1.030 ತೋರಿಸಿದರೆ ತಪ್ಪು ಆಗಿರುವುದು ಹಿಂದಿನ ಹಂತದಲ್ಲಿ. ಯೀಸ್ಟ್ ಎಷ್ಟು ಸುರಿದರೂ ಅದು ಸರಿಹೋಗದು.

10–15 ಗ್ರಾಂ ಒಣ ಯೀಸ್ಟ್ ಸಾಕು. ಬ್ರೆಡ್ಡಿನ ಯೀಸ್ಟೂ ನಡೆಯುತ್ತದೆ, ಶೇ 8ರ ಮದ್ಯಸಾರ ಅದಕ್ಕೆ ಭಾರವಲ್ಲ. ಡಬ್ಬಿಯ ಮೂರನೇ ಒಂದು ಭಾಗ ಖಾಲಿ ಬಿಡಿ, ಆಲೂಗಡ್ಡೆಯ ನೊರೆ ಉಕ್ಕಿ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕ್ ಕಟ್ಟಿಹಾಕುತ್ತದೆ. 20ರಿಂದ 26 ಡಿಗ್ರಿಯಲ್ಲಿ ನಾಲ್ಕರಿಂದ ಏಳು ದಿನ. 30 ದಾಟಿದರೆ ಫ್ಯೂಸಲ್ ಎಂಬ ಭಾರವಾದ ಮದ್ಯಸಾರಗಳು ಹೆಚ್ಚುತ್ತವೆ. ಇವುಗಳಲ್ಲಿ ಮುಖ್ಯವಾದುದು ಐಸೋಅಮೈಲ್ ಆಲ್ಕೋಹಾಲ್. ಆ ‘ಅಮೈಲ್’ ಎಂಬ ಹೆಸರೇ ಪಿಷ್ಟಕ್ಕಿರುವ ಲ್ಯಾಟಿನ್ ಪದ ಅಮಿಲಮ್‌ನಿಂದ ಬಂದದ್ದು. ಹೈಡ್ರೋಮೀಟರ್ ಎರಡು ದಿನ ಒಂದೇ ಅಂಕಿ, ಅದೂ 1.005ಕ್ಕಿಂತ ಕೆಳಗೆ, ತೋರಿಸಿದರೆ ಹುದುಗು ಮುಗಿದಿದೆ.

ಈ ಹುದುಗಿದ ರಸವನ್ನು ಕಸುಬಿನವರು ಕೊಳೆ ಎನ್ನುತ್ತಾರೆ. ಅದನ್ನು ಹಾಗೇ ಬಟ್ಟಿ ಪಾತ್ರೆಗೆ ಸುರಿದದ್ದು ನಿಮ್ಮ ಎರಡನೇ ತಪ್ಪು. ಹಿಟ್ಟು ತಳದಲ್ಲಿ ಕೂತು, ನೇರ ಉರಿಗೆ ಸೀದು, ಆ ವಾಸನೆ ಕೊನೆಯ ಹನಿಯವರೆಗೂ ಬರುತ್ತದೆ. ಮತ್ತೊಮ್ಮೆ ಇಳಿಸಿದರೂ ಇದ್ದಿಲಿನಲ್ಲಿ ಹಾಯಿಸಿದರೂ ಪೂರ್ತಿ ಹೋಗದು. ಆ 300 ಮಿಲಿಯನ್ನು ಚೆಲ್ಲಿಬಿಡಿ. ಮುಂದಿನ ಸಲ ಎರಡು ದಿನ ತಣ್ಣನೆಯ ಜಾಗದಲ್ಲಿ ಇಟ್ಟು, ಮೇಲಿನ ತಿಳಿಯನ್ನು ನಳಿಕೆಯಿಂದ ಎಳೆದುಕೊಂಡು, ತಳದ ಮಡ್ಡಿಯನ್ನು ಬಟ್ಟೆಯಲ್ಲಿ ಹಿಂಡಿ. ಹಿಂಡಿದ ಮೇಲೂ ಗಸಿ ಗಟ್ಟಿ ಎನಿಸಿದರೆ ಬಟ್ಟಿ ಪಾತ್ರೆಯನ್ನು ಇನ್ನೊಂದು ದೊಡ್ಡ ಪಾತ್ರೆಯ ಉಪ್ಪುನೀರಿನಲ್ಲಿಟ್ಟು ಕಾಯಿಸಬಹುದು. ನಿಧಾನ, ಆದರೆ ಸೀಯುವುದಿಲ್ಲ. ಪಾತ್ರೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಗ್ಯಾಸ್ ಒಲೆಯ ವಿಚಾರ ಇದಕ್ಕಿಂತ ಗಂಭೀರ. ಶೇ 40ರ ಮದ್ಯದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ, ಶೇ 70ರದು ಅದಕ್ಕೂ ಕೆಳಗೆ. ಗಾಳಿಯಲ್ಲಿ ಶೇ 3.3 ಆವಿ ಸೇರಿದರೆ ಸ್ಫೋಟಕ್ಕೆ ಸಾಕು. ಹಗಲು ಬೆಳಕಿನಲ್ಲಿ ಈ ಬೆಂಕಿ ಕಣ್ಣಿಗೂ ಸರಿಯಾಗಿ ಕಾಣದು. ವಿದ್ಯುತ್ ಒಲೆ, ತೆರೆದ ಕಿಟಕಿ, ಕೈಗೆಟುಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರ್, ಒಲೆಯಿಂದ ದೂರದಲ್ಲಿ ಗಾಜಿನ ಸಂಗ್ರಹ ಪಾತ್ರೆ. ಒಲೆ ಹಚ್ಚುವ ಮೊದಲೇ, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್‌ಗೆ ನೀರು ಬಿಡಿ. ಹೊರಬರುವ ಹನಿ ಮುಟ್ಟಿದರೆ ತಣ್ಣಗಿರಬೇಕು. ಆವಿ ಹೋಗುವ ದಾರಿ ಎಲ್ಲೂ ಬಿಗಿಯಾಗಿ ಮುಚ್ಚಿರಬಾರದು. ಪ್ರೆಷರ್ ಕುಕ್ಕರ್‌ನ ಸಣ್ಣ ತೂತಿಗೆ ನಳಿಕೆ ಸಿಕ್ಕಿಸುವ ಪದ್ಧತಿ ಆಲೂಗಡ್ಡೆಗಂತೂ ಬೇಡವೇ ಬೇಡ: ಒಂದು ತುಣುಕು ನೊರೆಯೊಂದಿಗೆ ಮೇಲೆದ್ದು ಆ ತೂತಿಗೆ ಕೂತರೆ ಪಾತ್ರೆಯೇ ಬಾಂಬು. ಪಾತ್ರೆ, ನಳಿಕೆ ಎರಡೂ ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಬೆಸುಗೆಯಲ್ಲಿ ಸೀಸ ಇರಬಾರದು. ರಬ್ಬರ್, ಪ್ಲಾಸ್ಟಿಕ್ ಪೈಪು, ಸತು ಲೇಪಿಸಿದ ತಗಡು, ವಾಹನದ ರೇಡಿಯೇಟರ್ ಸುತರಾಂ ಬೇಡ. ಸಂದುಗಳಿಗೆ ಗೋಧಿಹಿಟ್ಟಿನ ಕಣಕ ಮೆತ್ತಿದರೆ ಚೆನ್ನಾಗಿ ಹಿಡಿಯುತ್ತದೆ, ಒತ್ತಡ ಏರಿದರೆ ಬಿಟ್ಟೂ ಕೊಡುತ್ತದೆ. ಯೀಸ್ಟ್ ಹುಟ್ಟಿಸುವ ಗಂಧಕದ ವಾಸನೆಯನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಪಾತ್ರೆ ಸ್ಟೀಲಿನದಾದರೆ ಆವಿಯ ದಾರಿಯಲ್ಲಾದರೂ ಸ್ವಲ್ಪ ತಾಮ್ರ ಇರಲಿ.

ಇಳಿಸುವುದು ಎರಡು ಸಲ. ಮೊದಲ ಸಲ ಭಾಗ ಮಾಡುವ ಗೊಡವೆಯಿಲ್ಲ. ಹೊರಬರುವುದು ಶೇ 10ಕ್ಕೆ ಇಳಿಯುವವರೆಗೆ ಎಲ್ಲವನ್ನೂ ಹಿಡಿಯಿರಿ. 13 ಲೀಟರ್ ಕೊಳೆಯಿಂದ ಶೇ 27ರ ಆಸುಪಾಸಿನ ಮೂರೂವರೆ ಲೀಟರ್ ಸಿಗುತ್ತದೆ. ಎರಡನೇ ಸಲ ಪಾತ್ರೆಯೊಳಗಿನದು ಶೇ 40 ಮೀರದಿರಲಿ, ಅದು ಬೆಂಕಿಯ ಭಯಕ್ಕಾಗಿ. ಉರಿ ಸಣ್ಣದು, ನಿಮಿಷಕ್ಕೆ 8–12 ಮಿಲಿ. ಮೊದಲ 40 ಮಿಲಿ ಬೇರೆ ತೆಗೆದು ಚೆಲ್ಲಿ. ಆಮೇಲಿನದನ್ನು 100 ಮಿಲಿಯ ಗಾಜಿನ ಲೋಟಗಳಲ್ಲಿ ಸಾಲಾಗಿ ಅಂಕಿ ಹಾಕಿ ಹಿಡಿಯಿರಿ. ಮೊದಲ ಒಂದೆರಡು ಲೋಟ ಅಂಟು, ನೇಲ್‌ಪಾಲಿಶ್ ತೆಗೆಯುವ ದ್ರವದಂತೆ ನಾರುತ್ತವೆ. ಅದು ಈಥೈಲ್ ಅಸಿಟೇಟ್, ಅಸಿಟಾಲ್ಡಿಹೈಡ್. ಶಕ್ತಿ ಶೇ 60ರ ಕೆಳಗೆ ಜಾರಿದಾಗ ಒದ್ದೆ ರಟ್ಟಿನ ವಾಸನೆ ತಲೆಹಾಕುತ್ತದೆ. ಅದು ಕೊನೆಭಾಗ. ಆಗಲೇ ತೀರ್ಮಾನ ಮಾಡಬೇಡಿ. ಲೋಟಗಳಿಗೆ ತೆಳುಬಟ್ಟೆ ಮುಚ್ಚಿ ಒಂದು ದಿನ ಬಿಟ್ಟು, ಒಂದೊಂದರಿಂದ ಚಮಚದಷ್ಟು ತೆಗೆದು, ಅಷ್ಟೇ ನೀರು ಬೆರೆಸಿ ಮೂಸಿ. ನೀರು ಬೆರೆತಾಗಲೇ ಒಳಗಿನ ವಾಸನೆ ಬಿಚ್ಚಿಕೊಳ್ಳುವುದು. ನಡುವಿನ ಏಳೆಂಟು ಲೋಟ ಒಟ್ಟುಗೂಡಿಸಿ. 700 ಮಿಲಿ ಶೇ 70ರದ್ದಕ್ಕೆ ಸುಮಾರು 540 ಮಿಲಿ ನೀರು ಸೇರಿಸಿದರೆ ಶೇ 40 ಆಗುತ್ತದೆ. ಆಲ್ಕೋಹಾಲ್ ಮೀಟರ್ 20 ಡಿಗ್ರಿಗೆ ಅಳತೆ ಮಾಡಿದ್ದು, ಬಿಸಿ ದ್ರವದಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನೀರು ಬೆರೆಸಿದಾಗ ಹಾಲಿನಂತೆ ಮಬ್ಬಾದರೆ ಕೊನೆಭಾಗ ಸೇರಿಕೊಂಡಿದೆ ಎಂದರ್ಥ, ಇಲ್ಲವೇ ನೀರು ಗಡಸು. ಬಟ್ಟಿ ಇಳಿಸಿದ ನೀರನ್ನೇ ಬಳಸಿ.

ಇದನ್ನು ವೋಡ್ಕಾ ಎಂದು ಕರೆಯಬಹುದೇ ಎಂದರೆ, ಕಟ್ಟುನಿಟ್ಟಾಗಿ ಅಲ್ಲ. ವೋಡ್ಕಾ ತಯಾರಕರು ಗೋಪುರದಂಥ ಎತ್ತರದ ಕಾಲಮ್‌ನಲ್ಲಿ ಶೇ 95–96ರವರೆಗೆ ಏರಿಸಿ ಬಳಿಕ ನೀರು ಬೆರೆಸುತ್ತಾರೆ. ಎರಡು ಸಲ ಇಳಿಸಿದ ಪಾತ್ರೆಯ ಮದ್ಯದಲ್ಲಿ ಗಡ್ಡೆಯ ಮಣ್ಣುವಾಸನೆ, ಒಂದು ಬಗೆಯ ಕೆನೆಯ ಮೈ ಉಳಿದಿರುತ್ತದೆ. ಅದು ಬೇಡವಾದವರಿಗೆ ಆಲೂಗಡ್ಡೆ ಏಕೆ ಬೇಕು ಎಂಬುದೇ ತಿಳಿಯದು.

ಇನ್ನು ಮೆಥನಾಲ್. ‘ಮೊದಲ 50 ಮಿಲಿ ಚೆಲ್ಲಿದರೆ ಮೆಥನಾಲ್ ಹೋಯಿತು’ ಎಂಬ ನಂಬಿಕೆ ಅರ್ಧಸತ್ಯವೂ ಅಲ್ಲ. ಬರಿಯ ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ಕುಡಿಯುವ ಮದ್ಯಸಾರವಾದ ಎಥನಾಲ್ 78.4ರಲ್ಲಿ. ಆದರೆ ನೀರಿನಲ್ಲಿ ಬೆರೆತಾಗ ಅವು ಸರದಿ ನಿಂತು ಹೊರಬರುವುದಿಲ್ಲ; ಸಾದಾ ಪಾತ್ರೆಯಲ್ಲಿ ಮೆಥನಾಲ್ ಮೊದಲಿನಿಂದ ಕೊನೆಯವರೆಗೂ ಹಂಚಿಹೋಗಿರುತ್ತದೆ. ಮೊದಲ ಭಾಗ ಚೆಲ್ಲುವುದು ಅಸಿಟಾಲ್ಡಿಹೈಡ್‌ನಂಥವಕ್ಕಾಗಿ. ಮೆಥನಾಲ್ ಅನ್ನು ತಡೆಯಬೇಕಾದದ್ದು ಗಂಜಿಯಲ್ಲೇ. ಅದು ಹುಟ್ಟುವುದು ಸಸ್ಯಗಳ ಕೋಶಗೋಡೆಯಲ್ಲಿರುವ ಪೆಕ್ಟಿನ್‌ನಿಂದ. ಪೆಕ್ಟಿನ್ ಹಣ್ಣಿನಲ್ಲಿ ಹೆಚ್ಚು, ಆಲೂಗಡ್ಡೆಯ ತಿರುಳಿನಲ್ಲಿ ಕಡಿಮೆ, ಸಿಪ್ಪೆ ತೆಗೆದರೆ ಇನ್ನೂ ಕಡಿಮೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 100 ಲೀಟರ್ ಶುದ್ಧ ಮದ್ಯಸಾರಕ್ಕೆ ಹಣ್ಣಿನ ಮದ್ಯದಲ್ಲಿ ಸಾಮಾನ್ಯವಾಗಿ 1000 ಗ್ರಾಂವರೆಗೆ ಮೆಥನಾಲ್ ಇರಬಹುದು, ವೋಡ್ಕಾದಲ್ಲಿ 10 ಗ್ರಾಂ ಮಾತ್ರ. ಗುಂಪುಗುಂಪಾಗಿ ಜನ ಸತ್ತ ಪ್ರಕರಣಗಳ ಹಿಂದೆ ಸಾಮಾನ್ಯವಾಗಿ ಇರುವುದು ಹುದುಗಿದ ಕೊಳೆಯಲ್ಲ, ಯಾರೋ ಬೆರೆಸಿದ ಕೈಗಾರಿಕಾ ಮೆಥನಾಲ್. ಜ್ವಾಲೆಯ ಬಣ್ಣ ನೋಡಿ, ಮೂಸಿ, ರುಚಿ ನೋಡಿ ಮೆಥನಾಲ್ ಪತ್ತೆ ಮಾಡಲಾಗದು. ಇದ್ದಿಲೂ ಅದನ್ನು ಹೀರದು. ಯಾವುದೇ ಮದ್ಯ ಕುಡಿದು ಅರ್ಧ ದಿನದಿಂದ ಒಂದು ದಿನದೊಳಗೆ ಕಣ್ಣು ಮಂಜಾದರೆ, ಉಸಿರು ಏರಿದರೆ, ಹೊಟ್ಟೆನೋವು, ವಾಂತಿ ಶುರುವಾದರೆ ನೇರ ಆಸ್ಪತ್ರೆಗೆ ಹೋಗಿ, ಏನು ಕುಡಿದದ್ದೆಂದು ಮುಚ್ಚಿಡದೆ ಹೇಳಬೇಕು. ಅದಕ್ಕೆ ಮದ್ದಿದೆ, ಆದರೆ ಬೇಗ ಕೊಟ್ಟರೆ ಮಾತ್ರ ಕಣ್ಣು ಉಳಿಯುತ್ತದೆ.

ಸಕ್ಕರೆ ಸೇರಿಸಲೇ ಎಂದು ಕೇಳಿದ್ದೀರಿ. 1 ಕೆಜಿ ಸಕ್ಕರೆ ಹೆಚ್ಚುಕಡಿಮೆ 0.6 ಲೀಟರ್ ಮದ್ಯಸಾರ ಕೊಡುತ್ತದೆ, ಯಾವ ತಕರಾರೂ ಇಲ್ಲದೆ. ಪಿಷ್ಟ ಕರಗದ ಗಂಜಿಗೆ 2 ಕೆಜಿ ಸುರಿದರೆ ನೀವು ಇಳಿಸುವುದು ಸಕ್ಕರೆಯ ಮದ್ಯ. ಆಲೂಗಡ್ಡೆ ಅದರಲ್ಲಿ ತಳ ಹತ್ತಲು ಮಾತ್ರ ಇರುತ್ತದೆ. ಮೊದಲು 2 ಕೆಜಿ ಗಡ್ಡೆ, 160 ಗ್ರಾಂ ಮಾಲ್ಟ್, ಒಂದು ಥರ್ಮಾಮೀಟರ್, ಅಯೋಡಿನ್ ಸೀಸೆ ಇಟ್ಟುಕೊಂಡು ಗಂಜಿಯನ್ನು ಸಕ್ಕರೆ ಮಾಡುವ ಹಂತವೊಂದನ್ನೇ ಮಾಡಿ ನೋಡಿ. ತಟ್ಟೆಯ ಮೇಲೆ ಹಳದಿ ನಿಂತ ಮೇಲೆ 10 ಕೆಜಿ ತನ್ನಿ.